ವಿಜಯಪುರಕ್ಕೆ ಹೋಗುವವರಿಗೆ: ಗುಮ್ಮಟ ಬೆಳಗಿನಲ್ಲಿ, ರೋಜಾ ಸಂಜೆಯಲ್ಲಿ, ನಡುವೆ ಮ್ಯೂಸಿಯಂ

ವಿಜಯಪುರಕ್ಕೆ ಹೋಗಿಬರುವವರಲ್ಲಿ ಹೆಚ್ಚಿನವರು ಗೋಳಗುಮ್ಮಟವೊಂದನ್ನೇ ನೋಡಿ, ಅದನ್ನೂ ನಡುಹಗಲಿನ ಗದ್ದಲದಲ್ಲಿ ನೋಡಿ, ಊಟ ಮುಗಿಸಿಕೊಂಡು ಬಾದಾಮಿಯ ಕಡೆಗೋ ಆಲಮಟ್ಟಿಯ ಕಡೆಗೋ ಹೊರಟುಬಿಡುತ್ತಾರೆ. 1686ರಲ್ಲಿ ಔರಂಗಜೇಬನ ವಶವಾಗುವವರೆಗೆ ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರಿಗೆ ಅರ್ಧ ದಿನ ಯಾವ ಲೆಕ್ಕಕ್ಕೂ ಸಾಲದು. ಇಲ್ಲಿ ಎರಡು ರಾತ್ರಿ ತಂಗುವ ಏರ್ಪಾಡು ಮಾಡಿಕೊಂಡೇ ಹೊರಡಿ ಎಂಬುದು ನನ್ನ ಮೊದಲ ಸಲಹೆ. ಅದರಲ್ಲಿ ಶುಕ್ರವಾರ ಬಾರದಂತೆ ನೋಡಿಕೊಳ್ಳಿ. ಆ ದಿನ ಮ್ಯೂಸಿಯಮ್ಮಿಗೆ ರಜೆ, ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ಪ್ರಾರ್ಥನೆಯ ಜನಸಂದಣಿ, ಎರಡೂ ಕೈತಪ್ಪುತ್ತವೆ.

ಹೋಗುವ ದಾರಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ನಾವು ಬೆಂಗಳೂರಿನಿಂದ ಖಾಸಗಿ ಸ್ಲೀಪರ್ ಬಸ್ಸೊಂದನ್ನು ಹಿಡಿದಿದ್ದೆವು. ಟಿಕೆಟ್ಟಿನಲ್ಲಿ ಇಳಿಯುವ ಸ್ಥಳ ಬಸ್ ನಿಲ್ದಾಣವೆಂದು ಸ್ಪಷ್ಟವಾಗಿಯೇ ನಮೂದಾಗಿತ್ತು. ಬಸ್ಸು ಮಾತ್ರ ಸೊಲ್ಲಾಪುರದ ಕಡೆ ಮುಂದುವರಿಯುವಂಥದ್ದು. ಬೆಳಕು ಹರಿಯುವ ಮೊದಲೇ ಕ್ಲೀನರ್ ಬಂದು ಪರದೆ ಸರಿಸಿ, 'ಬಿಜಾಪುರದವರು ಇಳೀರಿ' ಎಂದು ಅವಸರಪಡಿಸಿ, ಊರಿನ ಹೊರಗಿನ ಬೈಪಾಸಿನಲ್ಲಿ ಚೀಲಗಳೊಂದಿಗೆ ನಮ್ಮನ್ನು ಇಳಿಸಿಬಿಟ್ಟ. ನಮ್ಮ ಜೊತೆ ಇಳಿದವರಲ್ಲಿ ಮಂಡಿನೋವಿನ ಹಿರಿಯರೊಬ್ಬರಿದ್ದರು. ಬೀದಿದೀಪವೂ ಇಲ್ಲದ ಆ ರಸ್ತೆಯಂಚಿನಲ್ಲಿ ಅವರಿಗೆ ಕೂರಲು ಒಂದು ಕಟ್ಟೆಯೂ ಇರಲಿಲ್ಲ. ಅಲ್ಲಿ ಕಾದು ನಿಂತಿದ್ದ ಆಟೊದವರು ಕೇಳಿದ ಹಣವನ್ನು ಮರುಮಾತಿಲ್ಲದೆ ಕೊಡಬೇಕಾಯಿತು. ಇದು ನಮಗೊಬ್ಬರಿಗೇ ಆದ ಅನುಭವವಲ್ಲವೆಂದೂ ದಿನವೂ ನಡೆಯುವ ಪರಿಪಾಠವೆಂದೂ ಆಟೊ ಚಾಲಕರೇ ಹೇಳಿದರು. ಆದ್ದರಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬನ್ನಿ. ರೈಲು ನಿಲ್ದಾಣ ಗುಮ್ಮಟಕ್ಕೆ ಹತ್ತಿರದಲ್ಲೇ ಇದೆ. ರೈಲು ಸಿಗದಿದ್ದರೆ ಊರಿನೊಳಗಿನ ನಿಲ್ದಾಣಕ್ಕೇ ಹೋಗುವ ಸರ್ಕಾರಿ ಬಸ್ಸು ಮೇಲು.

ಕೋಣೆಯ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಗುಮ್ಮಟ ಕಾಣುವ ಕೋಣೆಯೆಂದು ನಮ್ಮಿಂದ ಹೆಚ್ಚಿನ ಬಾಡಿಗೆ ಪಡೆದರು. ಕಿಟಕಿ ತೆರೆದರೆ ಎದುರು ಕಟ್ಟಡದ ಎರಡು ಕಪ್ಪು ನೀರಿನ ಟ್ಯಾಂಕುಗಳ ಸಂದಿಯಲ್ಲಿ ಗುಮ್ಮಟದ ಒಂದಂಚು ಕಾಣುತ್ತಿತ್ತು. ಊರಿನ ಎಷ್ಟೋ ಮಾಳಿಗೆಗಳಿಂದ ಅದು ಪೂರ್ತಿಯಾಗಿ ಕಾಣುವಾಗ ಅದಕ್ಕೆಂದು ಯಾರೂ ಹೆಚ್ಚಿನ ಹಣ ತೆರಬೇಕಾಗಿಲ್ಲ.

ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಇದು. ಹೊರಗಿನ ವ್ಯಾಸ ಸುಮಾರು 44 ಮೀಟರ್ ಇರುವ ಗುಮ್ಮಟದ ಕೆಳಗೆ ಒಂದೇ ಒಂದು ಕಂಬವಿಲ್ಲ. ಚೌಕಾಕಾರದ ನಾಲ್ಕು ಗೋಡೆಗಳಿಂದ ಏಳುವ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟಂತೆ ಹೆಣೆದುಕೊಂಡು, ಮೇಲಿನ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮೆಟ್ಟಿಲು ಹತ್ತುವ ಮೊದಲು ನೆಲದ ಮೇಲೆಯೇ ನಿಂತು, ತಲೆಯೆತ್ತಿ, ಈ ಹೆಣಿಗೆಯನ್ನು ಕಣ್ಣಿನಿಂದ ಒಂದು ಸುತ್ತು ಹಿಂಬಾಲಿಸಿ. ಕಟ್ಟೆಯ ಮೇಲೆ ಕಾಣುವವು ಗೋರಿಗಳ ಗುರುತುಗಳಷ್ಟೇ, ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳು ಕಿರಿದು ಮತ್ತು ಕಡಿದು; ಮಂಡಿನೋವಿನವರು ಕೆಳಗೇ ಉಳಿಯುವುದು ಲೇಸು. ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ನಾವು ತಲುಪಿದಾಗ ಅಲ್ಲಿ ಮತ್ತೊಂದು ಕುಟುಂಬ ಮಾತ್ರ ಇತ್ತು. ನನ್ನ ಮಡದಿ ಗುಮ್ಮಟದ ಆಚೆಯ ಬದಿಗೆ ಹೋಗಿ ಗೋಡೆಗೆ ಮುಖಮಾಡಿ ಕೂತು ಬಸ್ಸಿನ ಟಿಕೆಟ್ಟನ್ನು ನಿಧಾನವಾಗಿ ಹರಿದಾಗ, ಆ ಹರಿಯುವ ಸದ್ದು ಎಳೆಎಳೆಯಾಗಿ ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಶಾಲಾ ಪ್ರವಾಸದ ಮಕ್ಕಳು ಸಾಲುಸಾಲಾಗಿ ಬಂದರು, ಕೂಗಾಟ ಆರಂಭವಾಯಿತು. ಒಂದು ಕೂಗು ಹಲವು ಬಾರಿ ಮರುಕಳಿಸುವ ಜಾಗದಲ್ಲಿ ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಯಾವ ಪ್ರತಿಧ್ವನಿಯೂ ಯಾರ ಕಿವಿಗೂ ದಕ್ಕುವುದಿಲ್ಲ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಕೂಗಬೇಡಿ, ಪಿಸುಗುಟ್ಟಿ ಎಂದು ಅವರಿಗೆ ಯಾವ ಶಿಕ್ಷಕರೂ ಹೇಳಲಿಲ್ಲವಲ್ಲ ಎಂಬುದು ಮನಸ್ಸಿಗೆ ನೋವುಂಟುಮಾಡಿತು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಶಾಲಾ ಪ್ರವಾಸಗಳ ಭರಾಟೆ ಇರುತ್ತದೆ. ಗದ್ದಲ ಸಹಿಸದವರು ಅಕ್ಟೋಬರ್ ಅಥವಾ ಫೆಬ್ರವರಿಯನ್ನು ಆರಿಸಿಕೊಳ್ಳಲಿ. ಏಪ್ರಿಲ್, ಮೇ ತಿಂಗಳ ಬಿಸಿಲಿನ ಯೋಚನೆಯೇ ಬೇಡ.

ಗುಮ್ಮಟದ ಮುಂದಿನ ನಗಾರಿಖಾನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಬಹಳ, ಒಳಗೆ ಕಾಲಿಡುವವರು ಕಡಿಮೆ. ಇದು 1892ರಷ್ಟು ಹಿಂದೆಯೇ ಆರಂಭವಾದ ಸಂಗ್ರಹ. ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಶಾಸನಗಳು ಒಂದೇ ಸೂರಿನಡಿ ಇರುವುದನ್ನು ನೋಡಿದಾಗ, ಕಲ್ಯಾಣ ಚಾಲುಕ್ಯರ ಕಾಲದ ವಿಜಯಪುರವೂ ಸುಲ್ತಾನರ ಬಿಜಾಪುರವೂ ಒಂದೇ ನೆಲವೆಂಬುದು ಮನಸ್ಸಿಗೆ ನಾಟುತ್ತದೆ. ಜೈನ ಶಿಲ್ಪಗಳು, ಚೀನಾದ ಪಿಂಗಾಣಿ, ಆಯುಧಗಳು, ಹಸ್ತಪ್ರತಿಗಳು ಇವೆ. ಆಸಾರ್ ಮಹಲಿನಿಂದ ತಂದ ಹಳೆಯ ರತ್ನಗಂಬಳಿಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಈ ಮ್ಯೂಸಿಯಂ ನೋಡಿದ ಮೇಲೆಯೇ ಆಸಾರ್ ಮಹಲಿಗೆ ಹೋಗುವುದು ಒಳ್ಳೆಯದು. ನ್ಯಾಯಸಭೆಯಾಗಿ ಕಟ್ಟಿದ ಆ ಮಹಲಿನಲ್ಲಿ ಒಂದು ಕಾಲಕ್ಕೆ ಅರಮನೆಯ ಗ್ರಂಥ ಭಂಡಾರವಿತ್ತು; ಉಳಿದ ಹಸ್ತಪ್ರತಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಸಾಗಿಸಿದರು. ಎತ್ತರದ ತೇಗದ ಕಂಬಗಳೂ ಎದುರಿನ ಕೊಳವೂ ಹೊರಗಿನಿಂದಲೇ ಕಾಣುತ್ತವೆ. ಪವಿತ್ರ ಅವಶೇಷಗಳಿರುವ ಒಳಗಿನ ಭಾಗಕ್ಕೆ ಮಹಿಳೆಯರನ್ನು ಬಿಡುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಿ.

ಮಧ್ಯಾಹ್ನದ ಊಟಕ್ಕೆ ದೊಡ್ಡ ಹೋಟೆಲುಗಳನ್ನು ಹುಡುಕಬೇಡಿ. ಬಸ್ ನಿಲ್ದಾಣದ ಸುತ್ತಿನ ಓಣಿಗಳಲ್ಲಿ ಮನೆಮಂದಿಯೇ ನಡೆಸುವ ಖಾನಾವಳಿಗಳಿವೆ. ನಾವು ಹೊಕ್ಕಲ್ಲಿ ನಾಲ್ಕೇ ಮೇಜುಗಳಿದ್ದವು. ಒಳಗೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ಹಂಚಿನಿಂದ ನೇರವಾಗಿ ತಟ್ಟೆಗೆ ಬರುವ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಝುಣಕ, ಹಸಿ ಮೆಂತ್ಯಸೊಪ್ಪು, ಈರುಳ್ಳಿ, ಶೇಂಗಾ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು. ಎಣ್ಣೆಗಾಯಿಯ ಮಸಾಲೆಯಲ್ಲಿ ಗುರೆಳ್ಳು ಧಾರಾಳವಾಗಿತ್ತು. ಬದನೆಕಾಯಿ ಎಳೆಯದಾಗಿದ್ದು ತೊಟ್ಟಿನವರೆಗೂ ಬೆಂದಿತ್ತು. ಸಾಕೆಂದು ಕೈ ಅಡ್ಡ ಹಿಡಿದರೂ ಬಡಿಸುತ್ತಿದ್ದ ತಾಯಿ, 'ಇನ್ನೊಂದ್ ರೊಟ್ಟಿ ತಗೋರಿ, ಬಿಸಿ ಐತಿ' ಎಂದು ಹಾಕಿಯೇಬಿಟ್ಟರು. ಇಬ್ಬರ ಊಟದ ಬಿಲ್ಲು ನಾವು ತಂಗಿದ್ದ ಲಾಡ್ಜಿನ ಒಂದು ತಿಂಡಿಯ ಬೆಲೆಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ, ತಡವಾದರೆ ಪಲ್ಯಗಳು ಮುಗಿದಿರುತ್ತವೆ.

ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾಕ್ಕೆ ಇಳಿಹೊತ್ತನ್ನು ಪೂರ್ತಿಯಾಗಿ ಮೀಸಲಿಡಿ. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ, ನಡುವೆ ಕೊಳವಿದೆ. ಜಗದ್ಗುರು ಎನಿಸಿಕೊಂಡ, ಸರಸ್ವತಿ ಗಣಪತಿಯರನ್ನು ಸ್ತುತಿಸಿ ಹಾಡು ಕಟ್ಟಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇಲ್ಲಿ ಮಲಗಿದ್ದಾನೆ. ತಾಜ್‌ಮಹಲಿಗೆ ಇದೇ ಮಾದರಿಯೆಂದು ಗೈಡುಗಳು ಹೇಳುತ್ತಾರೆ. ಆ ಹೋಲಿಕೆಯ ಹಂಗು ಈ ಕಟ್ಟಡಕ್ಕೆ ಬೇಕಾಗಿಲ್ಲ. ಕಿಟಕಿಗಳ ಬಳಿ ನಿಂತು ನೋಡಿ: ಜಾಲರಿಯಂತೆ ಕಾಣುವುದು ಬರಿಯ ವಿನ್ಯಾಸವಲ್ಲ, ಕಲ್ಲನ್ನು ಆರಪಾರ ಕೊರೆದು ಬಿಡಿಸಿದ ಅರಬ್ಬಿ ಅಕ್ಷರಗಳು. ಒಳಗೆ ಬೆಳಕು ಬರುವುದು ಆ ಅಕ್ಷರಗಳ ಸಂದುಗಳಿಂದಲೇ. ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದಿಲ್ಲ. ಜನವೂ ಕಡಿಮೆ.

ರೋಜಾಕ್ಕೆ ಹೋಗುವ ದಾರಿಯಲ್ಲೇ ಮಲಿಕ್-ಎ-ಮೈದಾನ್ ತೋಪು ಸಿಗುತ್ತದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿ ತೆರೆದ ಸಿಂಹದ ಮುಖವಾಗಿದ್ದು, ಹಲ್ಲುಗಳ ನಡುವೆ ಆನೆ ಸಿಲುಕಿದೆ. 1854ರಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ರದ್ದುಗೊಳಿಸಿದರು. ಇಲ್ಲವಾಗಿದ್ದರೆ ಇಂದು ನಮಗೆ ನೋಡಲು ಏನೂ ಉಳಿಯುತ್ತಿರಲಿಲ್ಲ. ಹತ್ತಿರದ ಉಪ್ಪಲಿ ಬುರುಜಿಗೆ ಹೊರಗಿನಿಂದಲೇ ಸುತ್ತಿಕೊಂಡ ಮೆಟ್ಟಿಲುಗಳಿವೆ, ಬಿಸಿಲಿಳಿದ ಮೇಲೆ ಹತ್ತಿ. ಅರ್ಧಕ್ಕೇ ನಿಂತ ಸಮಾಧಿಯಾದ ಬಾರಾ ಕಮಾನು, ಹಳೆಯ ಅರಮನೆಯಾದ ಗಗನ ಮಹಲ್ ಎರಡಕ್ಕೂ ಒಂದು ಮುಂಜಾನೆಯ ನಡಿಗೆ ಸಾಕು. ಗಗನ ಮಹಲಿನ ಆಸುಪಾಸಿನಲ್ಲೇ 1320ರ ಕರೀಮುದ್ದೀನ್ ಮಸೀದಿಯಿದೆ. ದೇವಾಲಯದ ಕಂಬಗಳನ್ನೇ ಬಳಸಿ ಕಟ್ಟಿದ ಅದನ್ನು ಬಿಡಬೇಡಿ, ಆಟೊದವರು ತಾವಾಗಿ ತೋರಿಸುವುದಿಲ್ಲ.

ಆಟೊ ಹಿಡಿಯುವಾಗ ಸ್ಥಳಗಳ ಹೆಸರುಗಳನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿ, ಕಾಯುವ ಹೊತ್ತನ್ನೂ ಸೇರಿಸಿಯೇ ಬಾಡಿಗೆ ನಿಗದಿ ಮಾಡಿಕೊಳ್ಳಿ. ರೋಜಾದಲ್ಲಿ ಹತ್ತು ನಿಮಿಷ ಸಾಕೆಂದು ಅವಸರಪಡಿಸುವವರ ಗಾಡಿ ಹತ್ತಬೇಡಿ.