ಮೂರು ಸಲ ಕರೆಯುವವರೆಗೆ

ನವೆಂಬರ್ 16, 2025, ಭಾನುವಾರ
ಗಂಗಾವತಿ

ಬೆಳಿಗ್ಗೆ ಅಕ್ಕನ ಮಗಳ ಕೈಗೆ ಫೋನ್ ಕೊಟ್ಟು ನನ್ನ ಹೊಸ ರಾಕ್ಷಸನನ್ನು ಓದಿಸಿದೆ. ಕಿಷ್ಕಿಂಧೆಯ ಮೇಲೆ ಬರೆಯುತ್ತಿರುವ ಫ್ಯಾನ್ ಫಿಕ್ಷನ್‌ಗೆ (ಹಳೇ ಕಥೆಯ ಪಾತ್ರಗಳನ್ನೇ ಹಿಡಿದು ಕಟ್ಟುವ ಹೊಸ ಕಥೆ) ಒಬ್ಬ ಖಳ ಬೇಕಿತ್ತು. ವಾಲಿ ಸತ್ತು ಎಷ್ಟೋ ವರ್ಷದ ಮೇಲಿನ ಕಥೆ, ಅಂಗದನೇ ನಾಯಕ. ಖಳನಿಗೆ ಏಳು ಕೊಂಬು, ಕೆಂಡದ ಕಣ್ಣು, ಹೊಗೆಯಾಗಿ ಮಾಯವಾಗುವ ವರ ಎಲ್ಲ ಕೊಟ್ಟಿದ್ದೆ. ಹೆಸರು ಕಾಲದಂಷ್ಟ್ರ. ಹುಡುಗಿ ಎರಡು ಪುಟ ಓದಿ ಫೋನ್ ವಾಪಸ್ ಕೊಟ್ಟಳು.

"ಮಾಮಾ, ಇವ ಏನ್ ಬೇಕಾದ್ರೂ ಮಾಡ್ತಾನ. ಹಂಗಾದ್ರ ಕಥಿ ಯಾಕ ಬೇಕು?"

ಎಂಟನೇ ಕ್ಲಾಸು ಅವಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪುರಾಣದ ರಾಕ್ಷಸರು ನೆನಪಲ್ಲಿ ಉಳಿದಿರುವುದು ಕೊಂಬಿನಿಂದ ಅಲ್ಲ, ಅವರವರ ಕಟ್ಟಳೆಯಿಂದ. ರಕ್ತಬೀಜನ ಒಂದು ಹನಿ ನೆಲಕ್ಕೆ ಬಿದ್ದರೆ ಇನ್ನೊಬ್ಬ ಏಳುತ್ತಾನೆ, ಅದಕ್ಕೇ ಕಾಳಿ ರಕ್ತ ಬೀಳಗೊಡದೆ ಕುಡಿದುಬಿಟ್ಟಳು. ಭಸ್ಮಾಸುರ ತನ್ನ ತಲೆ ಮೇಲೆ ತಾನೇ ಕೈ ಇಟ್ಟುಕೊಂಡ. ನನ್ನವನಿಗೆ ಬರೀ ಕೊಂಬು.

ಊಟ ಮಾಡಿ ಬೈಕ್ ಹತ್ತಿ ಹಿರೇಬೆಣಕಲ್ ಗುಡ್ಡದ ಕಡೆ ಹೋದೆ. ದಾರಿಯುದ್ದಕ್ಕೂ ಭತ್ತದ ಕಟಾವು, ಮಿಷನ್‌ಗಳ ಸದ್ದು, ಕಣ್ಣಿಗೆ ಧೂಳು. ಮೇಲೆ ಮೋರೇರ ಮನೆಗಳು. ಶಿಲಾಯುಗ ದಾಟಿದ ಕಾಲದವರು ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು ಅವು, ಕೆಲವಕ್ಕೆ ದುಂಡನೆಯ ಕಿಂಡಿ ಇದೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಹೋಗುವ ದಾರಿ ಮಾತ್ರ ಇನ್ನೂ ಮುಳ್ಳುಕಂಟಿಯೇ. ಅಲ್ಲಿ ಬಂಡೆಯ ಮೇಲೊಂದು ಬೋರಲು ಬಿದ್ದ ನಗಾರಿಯಂಥ ಕಲ್ಲಿದೆ. ಬಡಿದರೆ ದೂರದ ತನಕ ಕೇಳುತ್ತದೆ ಅಂತಾರೆ. ನಾನು ಬಡಿಯಲಿಲ್ಲ (ನೀವೂ ಬಡಿಯಬೇಡಿ). ಕೆಳಗೆ ಕೂತು ಸುಮ್ನೆ ನೋಡುತ್ತಿದ್ದೆ. ಆಗ ಹೊಳೆಯಿತು. ದುಂದುಭಿ ಅಂದರೂ ನಗಾರಿಯೇ ಅಲ್ವಾ!

ದುಂದುಭಿ ಕೋಣನ ರೂಪದ ಅಸುರ. ವಾಲ್ಮೀಕಿಯಲ್ಲಿ ಅವನು ಮೊದಲು ಸಮುದ್ರವನ್ನು ಯುದ್ಧಕ್ಕೆ ಕರೆಯುತ್ತಾನೆ. ಸಮುದ್ರ 'ನನ್ನ ಕೈಲಾಗದು, ಹಿಮವಂತನ ಹತ್ತಿರ ಹೋಗು' ಅನ್ನುತ್ತದೆ. ಹಿಮವಂತ ವಾಲಿಯನ್ನು ತೋರಿಸುತ್ತಾನೆ. ವಾಲಿ ಕೊಂದು ಹೆಣ ಎಸೆದಾಗ ರಕ್ತದ ಹನಿ ಮತಂಗರ ಆಶ್ರಮಕ್ಕೆ ಸಿಡಿದು ಶಾಪ ಬಂತು. ಆಮೇಲೆ ಸುಗ್ರೀವನಿಗೆ ತನ್ನ ಬಲ ತೋರಿಸಲು ರಾಮ ಆ ಎಲುಬಿನ ರಾಶಿಯನ್ನು ಕಾಲ್ಬೆರಳಿಂದ ಹತ್ತು ಯೋಜನ ಹಾರಿಸಿದ. ಸುಗ್ರೀವನಿಗೆ ಅಷ್ಟಕ್ಕೂ ಸಮಾಧಾನವಿಲ್ಲ, 'ಆಗ ಹಸಿ ಮಾಂಸ ಇತ್ತು, ಈಗ ಒಣಗಿ ಹಗುರಾಗಿದೆ' ಎಂದು ತಕರಾರು ತೆಗೆದ. ಆ ಮಾತು ನನಗೆ ಭಾರಿ ಇಷ್ಟ.

ಎಲುಬಿನ ಲೆಕ್ಕ ಸಿಕ್ಕಿತು. ತೊಗಲು ಎಲ್ಲಿ ಹೋಯಿತು?

ನನ್ನ ಖಳ ಅಲ್ಲೇ ಹುಟ್ಟಿದ. ಹೆಸರು ತೊಗಲ. ಮೈಯಿಲ್ಲ, ಮುಖವಿಲ್ಲ, ಎಲ್ಲೋ ಒಂದು ಬಂಡೆಗೆ ಬಿಗಿದುಕೊಂಡ ಕೋಣನ ಚರ್ಮ. ಕತ್ತಲಾದ ಮೇಲೆ ಊರಬಾಗಿಲ ಹೊರಗೆ ನಿಂತು ಹೆಸರು ಹಿಡಿದು ಕರೆಯುತ್ತಾನೆ. ಆದರೆ ಅವನಿಗೆ ಕಟ್ಟಳೆ ಯಾವುದು?

ಅದನ್ನು ಕೊಟ್ಟದ್ದು ಅಜ್ಜಿ. ಸಂಜೆ ಮೊರದ ತುಂಬ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದಳು. ನಾನು ಕಥೆ ಹೇಳಿದೆ. ತಲೆ ಎತ್ತದೆ ಅಂದಳು:

"ಅಲ್ಲೋ, ರಾತ್ರಿ ಯಾರರ ಕರದ್ರ ಮೂರ್ ಸಲ ಕರಿಯೋತನ ಓ ಅನಬಾರದು. ನಿನ್ನ ಅಂಗದಗ ಅವರವ್ವ ಹೇಳಿಲ್ಲೇನು?"

ಹೇಳಿದ್ದಳು, ಮಗನಿಗಲ್ಲ, ಗಂಡನಿಗೆ. ಸುಗ್ರೀವ ಎರಡನೇ ಸಲ ಬಂದು ಕೂಗಿದಾಗ ತಾರೆ ವಾಲಿಯನ್ನು ತಡೆಯುತ್ತಾಳೆ. ಸುಗ್ರೀವ ರಾಮನ ಸ್ನೇಹ ಮಾಡಿದ್ದಾನೆಂಬ ಸುದ್ದಿ ಅವಳಿಗೆ ತಲುಪಿದ್ದು ಅಂಗದನಿಂದಲೇ. ವಾಲಿ ಕೇಳಲಿಲ್ಲ. ಅವನು ಯಾವ ಕರೆಗೂ ಸುಮ್ಮನಿದ್ದವನಲ್ಲ. ಮಾಯಾವಿ ಎಂಬ ಅಸುರ ನಡುರಾತ್ರಿ ಕರೆದ, ವಾಲಿ ಎದ್ದು ಹೋದ. ದುಂದುಭಿಯಂತೂ 'ಬೇಕಾದರೆ ಈ ರಾತ್ರಿ ಸಿಟ್ಟು ತಡೆದುಕೊಳ್ಳುತ್ತೇನೆ, ಬೆಳಗಾಗಲಿ' ಎಂದು ಅವನಾಗೇ ಹೇಳಿದ್ದ. ನಾವೆಲ್ಲ ಚಿಕ್ಕವರಿದ್ದಾಗ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದ 'ನಾಳೆ ಬಾ' ನೆನಪಾಗಿ ನಗು ಬಂತು. ವಾಲಿಗೆ ಆ ಎರಡು ಪದ ಬಾಯಿಗೆ ಬರಲಿಲ್ಲ.

ಹಾಗಾಗಿ ಕಟ್ಟಳೆ ಇದು. ಅಲೈ ಹಬ್ಬದಲ್ಲಿ (ಮೊಹರಂ) ಹಲಗೆ ವಾದ್ಯವನ್ನು ಬೆಂಕಿಗೆ ಹಿಡಿದು ಕಾಸುತ್ತಾರಲ್ಲ, ಕಾದಷ್ಟೂ ತೊಗಲು ಬಿಗಿಯಾಗಿ ಸದ್ದು ಜಾಸ್ತಿ. ತೊಗಲನಿಗೆ ಬೆಂಕಿ ಅಂದರೆ ನಮ್ಮ 'ಓ'. ಒಬ್ಬ ಓಗೊಟ್ಟರೆ ಒಂದು ಊರಿಗೆ ಕೇಳುತ್ತಾನೆ, ನೂರು ಜನ ಓಗೊಟ್ಟರೆ ಸಮುದ್ರಕ್ಕೆ. ಯಾರೂ ಅನ್ನದಿದ್ದರೆ ಮಂಜಿಗೆ ನೆಂದ ಹಲಗೆ ಹಾಗೆ ಜೋಲುತ್ತಾನೆ. ಗದೆಯಿಂದ ಹೊಡೆದರೂ ಅದು ಉತ್ತರವೇ, ಇನ್ನೂ ಬಿಗಿಯಾಗುತ್ತಾನೆ.

ಹುಡುಗಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ ವಾಲಿ ದನಿಲೆ ಕರದ್ರ?" ಅಂದಳು.

ಕಾಲದಂಷ್ಟ್ರನ ಆರು ಪುಟ ಅಳಿಸಿಹಾಕಿದೆ.

ಈಗ ರಾತ್ರಿ ಹನ್ನೊಂದೂವರೆ. ಹೊಲದ ಕಡೆ ಮಿಷನ್ ನಿಂತಿದೆ. ಕಥೆಯಲ್ಲಿ ಕಿಷ್ಕಿಂಧೆಯ ಬಾಗಿಲ ಹೊರಗಿಂದ ಎರಡು ಸಲ 'ಅಂಗದಾ' ಅಂತ ಕರೆದಾಗಿದೆ, ಅಪ್ಪನ ದನಿಯಲ್ಲೇ. ತಾರೆ ಮಗನ ಬಾಯಿ ಮುಚ್ಚಿ ಹಿಡಿದಿದ್ದಾಳೆ. ಅವಳ ತುಟಿಯೂ ಅದುರುತ್ತಿದೆ. ಮೂರನೇ ಕರೆ ಇನ್ನೂ ಬರೆದಿಲ್ಲ.