ಹೈದರನ ಪಾತ್ರ ಯಾರಿಗೂ ಬೇಡವಾಗಿತ್ತು

ನಮ್ಮ ಕನ್ನಡ ಮೇಷ್ಟ್ರು ಚಿತ್ರದುರ್ಗದ ಕಡೆಯವರು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸವರ್ಣದೀರ್ಘ ಸಂಧಿ ಶುರು ಮಾಡಿದರೂ ಹತ್ತು ನಿಮಿಷಕ್ಕೆ ಮದಕರಿ ನಾಯಕನ ಹತ್ತಿರ ಬಂದು ನಿಲ್ಲುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು 'ದುರ್ಗದ ಮೇಷ್ಟ್ರು' ಅಂತಲೇ ಕರೆಯುತ್ತಿದ್ದೆವು. ಹೋದ ತಿಂಗಳು ತೀರಿಕೊಂಡರು. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಒಬ್ಬ ಮಾತ್ರ "ಡಸ್ಟರ್ ನೆನಪಿದೆಯಾ?" ಅಂತ ಬರೆದ. ಅಷ್ಟೇ ಸಾಕಾಯಿತು, ಆ ರಾತ್ರಿ ಯಾರೂ ಬೇಗ ಮಲಗಲಿಲ್ಲ.

1980ರ ದಶಕದ ಕೊನೆ. ನಾವು ಒಂಬತ್ತನೇ ಕ್ಲಾಸು. ತ.ರಾ.ಸು. ಅಂದರೆ ನಮಗೆ 'ನಾಗರಹಾವು' ಸಿನಿಮಾ, ಓಬವ್ವ ಅಂದರೆ ಒನಕೆ ಹಿಡಿದ ಜಯಂತಿ. ಮೇಷ್ಟ್ರು ಒಂದು ಶನಿವಾರ ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. 'ದುರ್ಗಾಸ್ತಮಾನ'. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಬರೆದ ತ.ರಾ.ಸು. ಅದರ ಹಿಂದಿನ ವರ್ಷವೇ ತೀರಿಹೋಗಿದ್ದರು. "ಸಾರ್, ಇದು ಪರೀಕ್ಷೆಗೆ ಬರುತ್ತಾ?" ಅಂತ ಮುಂದಿನ ಬೆಂಚಿನವನು ಕೇಳಿದ. "ಬರಲ್ಲ ಕಣೋ, ನೆಮ್ಮದಿಯಾಗಿ ಕೇಳು" ಅಂದರು.

ಓದುವ ಮೊದಲು ಬೋರ್ಡಿನ ಮೇಲೆ ಕೋಟೆಯ ಏಳು ಸುತ್ತು ಬರೆದರು. ಬಾಗಿಲುಗಳು ಎದುರುಬದುರು ಇರಲಿಲ್ಲ, ಪ್ರತಿಯೊಂದೂ ತಿರುವಿನಲ್ಲಿತ್ತು. ಯಾಕೆ ಅಂತ ಕೇಳಿದರು. ಯಾರಿಗೂ ಗೊತ್ತಿಲ್ಲ. "ಆನೆಗೆ ಓಡಿ ಬಂದು ಗುದ್ದೋಕೆ ಜಾಗ ಸಿಗಬಾರದು" ಅಂತ ಹೇಳಿ, ತಾವೇ ತಲೆ ತಗ್ಗಿಸಿ ಮೇಜಿನ ಸುತ್ತ ಎರಡು ಹೆಜ್ಜೆ ಓಡಿ, ಗೋಡೆಗೆ ಭುಜ ತಾಗಿಸಿಕೊಂಡು ನಿಂತರು. ಕರಿಕೋಟಿನ ತುಂಬ ಸುಣ್ಣ. ಆ ವರ್ಷದ ಮಿಕ್ಕ ಪಾಠಗಳಲ್ಲಿ ಒಂದು ಸಾಲೂ ನನಗೆ ಈಗ ನೆನಪಿಲ್ಲ.

ಮುಂದಿನ ಶನಿವಾರಗಳೆಲ್ಲ ಕಾದಂಬರಿಗೇ ಹೋದವು. ಕೊನೆಗೆ ಏನಾಗುತ್ತದೆ ಅಂತ ಹೆಸರಲ್ಲೇ ಇದೆ. ಆದರೂ ಕೋಟೆ ಬೀಳಬಾರದು ಅಂತ ನಾವು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮೇಷ್ಟ್ರ ಗಂಟಲು ಆಗಾಗ ಕಟ್ಟುತ್ತಿತ್ತು. ಆಗ ಸುಮ್ನೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಮಳೆ ಬಂದು ಆಟದ ಪೀರಿಯಡ್ ತಪ್ಪಿದ ಒಂದು ಮಧ್ಯಾಹ್ನ ಬೆಂಚುಗಳನ್ನೆಲ್ಲ ಎತ್ತಿ ಜೋಡಿಸಿ ನಾವೇ ದುರ್ಗ ಕಟ್ಟಿದೆವು. ಏಳು ಸುತ್ತಿಗೆ ಬೆಂಚು ಸಾಲದೆ ಮೂರಕ್ಕೇ ನಿಲ್ಲಿಸಿದೆವು. ಮದಕರಿ ಆಗೋಕೆ ಹೊಡೆದಾಟ. ಕೋಟೆಗೆ ಮುತ್ತಿಗೆ ಹಾಕುವ ಹೈದರ್ ಆಗೋಕೆ ಯಾರೂ ಇಲ್ಲ. ಕೊನೆಗೆ ಕಲಾಸಿಪಾಳ್ಯದ ಹುಡುಗನೊಬ್ಬ "ನಾನಾಗ್ತೀನಿ. ಹಿಸ್ಟರಿ ಪಾಠದಲ್ಲಿ ಹೈದರ್ ಹೀರೋ ಅಲ್ವಾ?" ಅಂದ. ಇಬ್ಬರು ಅವನ ಮೇಲೆ ಬಿದ್ದರು. ಅವನು ಡಸ್ಟರನ್ನೇ ಫಿರಂಗಿ ಗುಂಡು ಮಾಡಿ ಎಸೆದ. ಅದು ಮೂರೂ ಸುತ್ತು ದಾಟಿ, ಆಗಷ್ಟೇ ಬಾಗಿಲು ತೆಗೆದ ಚರಿತ್ರೆ ಮೇಷ್ಟ್ರ ಎದೆಗೆ ಬಡಿಯಿತು.

ಚರಿತ್ರೆ ಮೇಷ್ಟ್ರು ಗಟ್ಟಿಯಾಗಿ ಮಾತಾಡಿದವರಲ್ಲ. ಷರಟಿನ ಮೇಲಿನ ಸುಣ್ಣ ಕೊಡವಿಕೊಂಡು "ಯುದ್ಧದ ಕಾರಣ ಏನು?" ಅಂತ ಕೇಳಿದರು. ಹೇಳಿದೆವು. ಬೆಂಚುಗಳನ್ನು ಮೊದಲಿದ್ದ ಹಾಗೆ ಇಡಿಸಿದರು. ಆಮೇಲೆ ಹೈದರ್ ಒಳ್ಳೆಯವನೋ ಕೆಟ್ಟವನೋ ಅಂತ ಎಲ್ಲರೂ ಎರಡು ಪುಟ ಬರೆದು ತರಬೇಕು, ಕನ್ನಡ ಮೇಷ್ಟ್ರಿಗೇ ತೋರಿಸಬೇಕು ಅಂದರು. ಅದೇ ಶಿಕ್ಷೆ.

ನನ್ನದನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ತರಗತಿಯಲ್ಲಿ ಓದಿಸಿದ್ದು ನನ್ನ ಎರಡು ಪುಟವನ್ನೇ. ಬರೆದದ್ದು ಇಷ್ಟು: 1769ರಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರನ್ನು ಸಂಧಿಗೆ ಕೂರಿಸುತ್ತಾನೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ದುರ್ಗದ ಬೇಡರ ಪಡೆ ಅವನ ಪರವಾಗಿಯೂ ಹೋರಾಡಿತ್ತು. 1779ರಲ್ಲಿ ಅದೇ ಹೈದರ್ ದುರ್ಗವನ್ನು ಹಿಡಿಯುತ್ತಾನೆ, ನಾವು ಅಳುತ್ತೇವೆ. ಮನುಷ್ಯ ಒಬ್ಬನೇ. ಪಾಠದಲ್ಲಿ ನಾವು ಕೋಟೆಯ ಹೊರಗೆ ಅವನ ಪಕ್ಕ ನಿಂತಿದ್ದೆವು. ಕಾದಂಬರಿ ನಮ್ಮನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಯಿತು.

ಕನ್ನಡ ಮೇಷ್ಟ್ರಿಗೆ ಇದು ಪೂರ್ತಿ ಹಿಡಿಸಲಿಲ್ಲ ಅಂತ ಕಾಣುತ್ತದೆ. ಹೈದರನ ಬಗ್ಗೆ ಅವರಿಗೆ ಸ್ವಂತ ಸಿಟ್ಟೇ ಇತ್ತು. ಆದರೂ ಇಬ್ಬರು ಮೇಷ್ಟ್ರೂ ಸ್ಟಾಫ್ ರೂಮಿನಲ್ಲಿ ಏನೋ ಮಾತಾಡಿಕೊಂಡು, ನಮ್ಮನ್ನು ಚಾಮರಾಜಪೇಟೆಯಿಂದ ನಡೆಸಿಕೊಂಡು ಕೆ.ಆರ್. ರಸ್ತೆಯ ಬೆಂಗಳೂರು ಕೋಟೆಗೆ ಕರೆದುಕೊಂಡು ಹೋದರು. ದಿನಾ ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಓಡಾಡುವವರು ನಾವು. ಒಬ್ಬನೂ ಒಳಗೆ ಹೋಗಿರಲಿಲ್ಲ. ಮಾರ್ಕೆಟ್ಟಿನ ಗಲಾಟೆಯಲ್ಲಿ ಚರಿತ್ರೆ ಮೇಷ್ಟ್ರ ಸಣ್ಣ ದನಿ ಕೇಳಿಸಿಕೊಳ್ಳೋಕೆ ಮೈಮೇಲೆ ಬಿದ್ದು ನಿಂತೆವು. ಕೆಂಪೇಗೌಡರ ಮಣ್ಣಿನ ಕೋಟೆಯ ಜಾಗದಲ್ಲಿ ಕಲ್ಲಿನದನ್ನು ಎಬ್ಬಿಸಿದವನು ಇದೇ ಹೈದರ್. ಅವನ ಮಗ ಟಿಪ್ಪುವಿನ ಕಾಲದಲ್ಲಿ, 1791ರ ಮಾರ್ಚ್ 21ರ ರಾತ್ರಿ, ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿತು. ಆ ಜಾಗ ತೋರಿಸುವ ಕಲ್ಲು ಈಗಲೂ ಇದೆ, ಇಂಗ್ಲಿಷರೇ ಗೆದ್ದ ಧಾಟಿಯಲ್ಲಿ ಬರೆದದ್ದು. ಕೋಟೆಯ ಹೊಣೆ ಹೊತ್ತಿದ್ದ ಮುದುಕ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ.

ಅಲ್ಲಿವರೆಗೆ ಸುಮ್ಮನಿದ್ದ ದುರ್ಗದ ಮೇಷ್ಟ್ರು ಆಗ ಹೇಳಿದ ಮಾತು ಇದು: "ನಮ್ಮ ದುರ್ಗಕ್ಕೆ ತ.ರಾ.ಸು. ಸಿಕ್ಕರು. ಈ ಮುದುಕನಿಗೆ ಯಾರು ಸಿಕ್ಕರು ಹೇಳ್ರೋ?" ಯಾರೂ ಬಾಯಿ ಬಿಡಲಿಲ್ಲ. "ನೀನು ಬರಿ" ಅಂತ ನನ್ನ ತಲೆ ಮೇಲೊಂದು ಮೊಟಕಿದರು. ನಾನು ಬ್ಯಾಂಕಿಗೆ ಸೇರಿದೆ.

ನನ್ನ ಮಗಳಿಗೂ ಶಾಲೆಯಲ್ಲಿ ಒಂದು ಐತಿಹಾಸಿಕ ಕಾದಂಬರಿಯ ತುಣುಕು ಪಾಠಕ್ಕಿತ್ತು. ಪಾತ್ರ ಪರಿಚಯಕ್ಕೆ ನಾಲ್ಕು ಅಂಕ, ಸಂದರ್ಭ ಸ್ವಾರಸ್ಯಕ್ಕೆ ಮೂರು. ಉತ್ತರಗಳು ಫೋನಿಗೇ ಬಂದುಬಿಡುತ್ತವೆ. ಪುಸ್ತಕ ಪೂರ್ತಿ ಓದಿದೆಯಾ ಅಂತ ಕೇಳಿದರೆ "ಅಪ್ಪಾ, ಪೋರ್ಷನ್‌ನಲ್ಲಿ ಇಲ್ಲ" ಅಂದಳು. ಅವಳನ್ನು ಬೈದು ಏನು ಉಪಯೋಗ? ಪೋರ್ಷನ್ ಬಿಟ್ಟು ಒಂದು ಶನಿವಾರ ಹಾಳುಮಾಡೋಕೆ ಅವಳ ಟೀಚರಿಗೆ ಯಾರು ಬಿಡುತ್ತಾರೆ?

ನಮ್ಮ ಶಾಲೆಯ ಪತ್ರಿಕೆಯ ಸಂಪಾದಕರಲ್ಲಿ ಒಂದು ವಿನಂತಿ. 'ದುರ್ಗಾಸ್ತಮಾನ'ದ ನಮ್ಮ ಕಾಲದ ಲೈಬ್ರರಿ ಪ್ರತಿ ಕೈಯಿಂದ ಕೈಗೆ ಹೋಗಿ ನಾಲ್ಕು ತುಂಡಾಗಿತ್ತು, ಈಗ ಖಂಡಿತ ಇರಲಾರದು. ಎರಡು ಹೊಸ ಪ್ರತಿ ತೆಗೆದಿಟ್ಟಿದ್ದೇನೆ, ಮೇಷ್ಟ್ರ ಹೆಸರಿನಲ್ಲಿ ಕೊಡುತ್ತೇನೆ. ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹರಿದರೆ ತಿಳಿಸಿ, ಬೈಂಡಿಂಗ್ ಖರ್ಚು ನನ್ನದು.