ಸಿರುಗುಪ್ಪದ ಹೀರೋಗೂ ಕುಷ್ಟಗಿಯ ವಿಲನ್‌ಗೂ ಎಷ್ಟು ಹೆಜ್ಜೆ?

ಗಣಿತದವರಲ್ಲಿ ಎರ್ಡಿಶ್ ಸಂಖ್ಯೆ ಅಂತ ಒಂದಿದೆ. ಹಂಗೇರಿಯ ಗಣಿತಜ್ಞ ಪಾಲ್ ಎರ್ಡಿಶ್ (1913–1996) ಬರೆದ ಪ್ರಬಂಧಗಳು ಸುಮಾರು 1500, ಜೊತೆಗೂಡಿ ಬರೆದವರು 500ಕ್ಕೂ ಹೆಚ್ಚು. ಅವರ ಜೊತೆ ಬರೆದವರಿಗೆ 1, ಆ 1ರವರ ಜೊತೆ ಬರೆದವರಿಗೆ 2; ಅಂದರೆ ಎರ್ಡಿಶ್‌ರಿಂದ ಎಷ್ಟು ಹೆಜ್ಜೆ ದೂರ ಅನ್ನುವ ಲೆಕ್ಕ. ಇದೇ ಲೆಕ್ಕವನ್ನು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಜಾತ್ರೆ ನಾಟಕಗಳಿಗೂ ಹಾಕಬಹುದು: ಒಂದೇ ಆಟದಲ್ಲಿ ಜೊತೆಗಿದ್ದವರ ನಡುವೆ ಒಂದು ಹೆಜ್ಜೆ. ಹಳೇ ಹ್ಯಾಂಡ್‌ಬಿಲ್ಲುಗಳು ಮತ್ತು ಒಂದು ಎಕ್ಸೆಲ್ ಶೀಟು ಇದ್ದರಾಯಿತು.

ಶೀಟಿನಲ್ಲಿ ಎರಡೇ ಕಾಲಂ: ವ್ಯಕ್ತಿ, ಪ್ರಯೋಗ. ಜೋಡಿ ಜೋಡಿಯಾಗಿ ಬರೆಯಲು ಹೋಗಬೇಡಿ. 14 ಜನರ ಒಂದು ನಾಟಕಕ್ಕೇ 91 ಜೋಡಿ, ಒಂದು ಹೆಸರು ತಪ್ಪಾದರೆ 13 ಕಡೆ ತಿದ್ದಬೇಕು. ಪ್ರಯೋಗ ಅಂದರೆ ನಾಟಕದ ಹೆಸರಲ್ಲ. ಒಂದೇ ನಾಟಕವನ್ನು ಹತ್ತೂರಿನ ಹುಡುಗರು ಆಡಿರುತ್ತಾರೆ, ಒಬ್ಬರ ಮುಖ ಇನ್ನೊಬ್ಬರು ಕಂಡಿರುವುದಿಲ್ಲ. ಊರು, ತಾರೀಖು ಸೇರಿಸಿ ಒಂದೊಂದು ಆಟಕ್ಕೂ ಬೇರೆ ನಂಬರ್ ಕೊಡಿ. ಬರೀ ಸಂಘದ ಹೆಸರು ನಂಬಿದರೆ ಕೆಟ್ಟಿರಿ; 'ಮಾರುತೇಶ್ವರ ಕೃಪಾಪೋಷಿತ' ಎಂಬುದು ಯಾವ ಊರಲ್ಲಿಲ್ಲ? ಇಸವಿ ಹಾಕಿರದಿದ್ದರೆ ವಾರ, ತಿಥಿ ಹಿಡಿದು ಹಳೇ ಪಂಚಾಂಗದಲ್ಲಿ ತಾಳೆ ನೋಡಬೇಕು.

ಉದ್ಘಾಟಕರು, ಜ್ಯೋತಿ ಬೆಳಗಿಸುವವರು, ಶುಭ ಕೋರುವವರು: ಇವರನ್ನೆಲ್ಲ ಬಿಡಿ. ಸೇರಿಸಿದಿರೋ, ಇಡೀ ರಂಗಭೂಮಿಯ ಕೇಂದ್ರದಲ್ಲಿ ಶಾಸಕರು ಬಂದು ಕೂರುತ್ತಾರೆ. ಪಾತ್ರಧಾರಿಗಳು, ಹಾರ್ಮೋನಿಯಂ ಅಥವಾ ಕ್ಯಾಸಿಯೋ ಮಾಸ್ತರು, ತಬಲಾದವರು, ನಾಟಕ ಕಲಿಸಿದವರು ಇಷ್ಟೇ ಸಾಕು.

ದೊಡ್ಡ ತಲೆನೋವು ಬಸವರಾಜ. ಕೊಟ್ಟೂರಿನ ಬಸವರಾಜನನ್ನೂ ಮಸ್ಕಿಯ ಬಸವರಾಜನನ್ನೂ ಒಬ್ಬನೇ ಅಂದುಕೊಂಡರೆ ಇಲ್ಲದ ದಾರಿ ಹುಟ್ಟಿ ಅಂತರ ಸುಳ್ಳೇ ಕಡಿಮೆಯಾಗುತ್ತದೆ. ಒಬ್ಬನನ್ನೇ ಇಬ್ಬರು ಮಾಡಿದರೆ ದಾರಿ ಉದ್ದವಾಗುತ್ತದೆ, ಇಲ್ಲವೇ ಕಡಿದೇಹೋಗುತ್ತದೆ. ಮೊದಲನೆಯ ತಪ್ಪೇ ಹೆಚ್ಚು ಅಪಾಯ, ಯಾಕೆಂದರೆ ಉತ್ತರ ಚೆಂದ ಕಾಣುತ್ತದೆ. ಅನುಮಾನ ಇದ್ದರೆ ಊರಿನ ಹೆಸರು ಹಚ್ಚಿ ಬೇರೆಬೇರೆಯೇ ಇಡಿ.

ಎಣಿಸುವುದು ಸುಲಭ. ಒಬ್ಬರಿಗೆ 0 ಹಾಕಿ. ಅವರಿದ್ದ ಪ್ರಯೋಗಗಳ ಎಲ್ಲರಿಗೂ 1. ಆ 1ರವರ ಪ್ರಯೋಗಗಳಲ್ಲಿ ಇನ್ನೂ ನಂಬರ್ ಸಿಗದವರಿಗೆ 2. ಒಮ್ಮೆ ಹಾಕಿದ ನಂಬರ್ ಮತ್ತೆ ಬದಲಿಸಬಾರದು. ಹೊಸಬರು ಸಿಗದಾದಾಗ ನಿಲ್ಲಿಸಿ. ಈ ನಂಬರ್‌ಗಳ ಸರಾಸರಿ ತೆಗೆಯುವಾಗ ನಂಬರ್ ಸಿಗದೆ ಉಳಿದವರನ್ನು ಸೇರಿಸುವಂತಿಲ್ಲ, ಆದರೆ ಅವರೆಷ್ಟು ಮಂದಿ ಅಂತ ಪಕ್ಕದಲ್ಲಿ ಬರೆಯಲೇಬೇಕು. 1998ರಲ್ಲಿ ವಾಟ್ಸ್ ಮತ್ತು ಸ್ಟ್ರೊಗಾಟ್ಜ್ ಎಂಬ ಸಂಶೋಧಕರು ಇದೇ ರೀತಿ 2,25,226 ಸಿನಿಮಾ ನಟರ ನಡುವೆ ಸರಾಸರಿ 3.65 ಹೆಜ್ಜೆ ಅಂದರು; ಅದೂ ಒಂದಕ್ಕೊಂದು ಕೂಡಿಕೊಂಡ ಅತಿ ದೊಡ್ಡ ಗುಂಪಿನೊಳಗಿನ ಲೆಕ್ಕ ಮಾತ್ರ.

ಹೆಸರಾಂತ ರಂಗನಟ ಬಳ್ಳಾರಿ ರಾಘವರಿಗೇ (1880–1946) 0 ಕೊಡೋಣ ಅನ್ನಿಸುತ್ತದೆ. ಆದರೆ ನಡುವಿನ ದಶಕಗಳ ಕರಪತ್ರ ಕೈಗೆ ಸಿಗದಿದ್ದರೆ ಸರಪಳಿ ಅಲ್ಲೇ ತುಂಡು. ಈಗಲೂ ಆಡುತ್ತಿರುವವರಿಂದ ಶುರುಮಾಡುವುದು ವಾಸಿ.

ಸಿರುಗುಪ್ಪ ಕಡೆಯ ಹೀರೋ ತನ್ನೂರು ಬಿಟ್ಟು ಆಡಿದವನಲ್ಲ, ಕುಷ್ಟಗಿ ಕಡೆಯ ವಿಲನ್ನೂ ಅಷ್ಟೆ. ಹೀರೋನ ಎದುರು ಪಾತ್ರ ಮಾಡಿದ ಕಲಾವಿದೆ ಬಾಡಿಗೆ ಕಾರಿನಲ್ಲಿ ಬಂದವರು. ಸಿಂಧನೂರಿನ ಹತ್ತಿರ ಇನ್ನೊಂದು ನಾಟಕದಲ್ಲಿ ಅವರಿಗೆ ಕ್ಯಾಸಿಯೋ ನುಡಿಸಿದ ಮಾಸ್ತರು ಕುಷ್ಟಗಿಯಲ್ಲೂ ನುಡಿಸಿದ್ದಾರೆ. ಒಟ್ಟು ಮೂರು ಹೆಜ್ಜೆ. ಊರ ಹುಡುಗರ ಫೋಟೋ ಹ್ಯಾಂಡ್‌ಬಿಲ್ಲಿನ ಮೇಲ್ಗಡೆ, ಮಾಸ್ತರ ಹೆಸರು ಕೆಳಗೆ ಸಣ್ಣಕ್ಷರದಲ್ಲಿ. ಶೀಟಿನಿಂದ ಆ ಕಲಾವಿದೆ, ಮಾಸ್ತರು ಇಬ್ಬರ ಸಾಲುಗಳನ್ನು ಅಳಿಸಿ ಮತ್ತೆ ಎಣಿಸಿ ನೋಡಿ: ಬೇರೆ ದಾರಿ ಇಲ್ಲದಿದ್ದರೆ ವಿಲನ್‌ಗೆ ನಂಬರ್ರೇ ಬರುವುದಿಲ್ಲ.